ಙ ಅಕ್ಷರಕ್ಕೆ ಅಲ್ಲಿ ಕೆಲಸವಿದೆ

ಪ್ರಶ್ನೆ: ನಾನು ಪುತ್ತೂರಿನ ಕಡೆಯವಳು. ಮನೆಮಾತು ತುಳು, ಓದಿದ್ದು ಕನ್ನಡ ಮೀಡಿಯಂ. ಬಿ.ಎಡ್. ಮುಗಿಸಿ ಊರಲ್ಲಿ ಆರು ವರ್ಷ ಪ್ರೈಮರಿ ಮಕ್ಕಳಿಗೆ ಪಾಠ ಮಾಡಿದೆ. ಮದುವೆಯಾಗಿ ಮೆಲ್ಬರ್ನಿಗೆ ಬಂದ ಮೇಲೆ ಇಲ್ಲಿಯ ಟೀಚರ್ ರಿಜಿಸ್ಟ್ರೇಶನ್ನೂ ಆಯಿತು. ಈಗ ನಾರ್ದರ್ನ್ ಟೆರಿಟರಿಯ ಮರುಭೂಮಿಯಲ್ಲಿ, ಅಬೊರಿಜಿನಲ್ (ಆಸ್ಟ್ರೇಲಿಯಾದ ಮೂಲನಿವಾಸಿ) ಸಮುದಾಯವೇ ನಡೆಸುವ ಒಂದು ಶಾಲೆಯಲ್ಲಿ ಎರಡು ವರ್ಷದ ಕೆಲಸ ಸಿಕ್ಕಿದೆ. ಮಕ್ಕಳ ಮಾತು ವಾರ್ಲ್‌ಪಿರಿ. ಶಾಲೆಯಲ್ಲಿ 'ಟೂ-ವೇ' ಕಲಿಕೆ, ಅವರ ಮಾತು ಮತ್ತು ಇಂಗ್ಲಿಷ್ ಎರಡೂ, ಅಂತೆ. ಇಂಟರ್‌ವ್ಯೂನಲ್ಲಿ ಒಬ್ಬ ಅಜ್ಜಿಯೂ ಕೂತಿದ್ದರು. ಅವರು ಕೇಳಿದ್ದು ಇಷ್ಟೇ: "ನಿನ್ನ ನೆಲ ಯಾವುದು? ನಿನ್ನ ಅಜ್ಜಿ ಯಾವ ಮಾತು ಆಡ್ತಿದ್ದಳು?" ನಾನು ತಡವರಿಸಿ ಏನೋ ಹೇಳಿದೆ. ಸ್ನೇಹಿತರು ಹೆದರಿಸುತ್ತಿದ್ದಾರೆ: ಅಲ್ಲಿ ಮಕ್ಕಳು ಶಾಲೆಗೇ ಬರಲ್ಲ, ಅವರ ಭಾಷೆಯಲ್ಲಿ ಕಲಿಸಿ ಇಂಗ್ಲಿಷ್ ಹಾಳು ಮಾಡ್ತಾರೆ, ಊರಿನ ಹಿರಿಯರ ಕೈಗೆ ಶಾಲೆ ಕೊಟ್ಟರೆ ಹೇಳೋರು ಕೇಳೋರು ಇರಲ್ಲ ಅಂತ. ಐದು ವರ್ಷದ ಮಗನನ್ನೂ ಅದೇ ಶಾಲೆಗೆ ಸೇರಿಸಬೇಕು. ಅವನ ಓದು ಏನಾಗುತ್ತದೆ? ಹೋಗಲೋ ಬೇಡವೋ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಕೇಳಿರುವ ಪ್ರಶ್ನೆಗಳ ಕೆಳಗೆ ಕೇಳದೆ ಬಿಟ್ಟ ಒಂದು ಪ್ರಶ್ನೆಯೂ ಇದ್ದ ಹಾಗಿದೆ: "ಅವರ ಶಾಲೆಯಲ್ಲಿ ನನಗೇನು ಕೆಲಸ?" ನಾನು ಆ ಕಡೆಯ ಎರಡು ಊರುಗಳಲ್ಲಿ ಹದಿನಾಲ್ಕು ವರ್ಷ ಇದ್ದೆ. ಮೊದಲು ಕ್ಲಾಸ್ ಟೀಚರ್, ಆಮೇಲೆ ಊರಿನ ಶಿಕ್ಷಕಿಯರ ಜೊತೆ ಅವರ ಭಾಷೆಯ ಪಾಠ, ಪುಸ್ತಕ ತಯಾರಿಸುವ ಕೆಲಸ. ಹೋಗುವಾಗ ನನಗೂ ಇದೇ ಅಳುಕಿತ್ತು.

ಮೊದಲು ಒಂದು ಖುಷಿಯ ವಿಷಯ. ನೀವು ವಾರ್ಲ್‌ಪಿರಿ ಅಂತ ಬರೆದಿದ್ದೀರಿ. ಇಂಗ್ಲಿಷ್ ಸ್ಪೆಲಿಂಗ್ ನೋಡಿದರೆ ಹಾಗೇ ಬರೆಯಬೇಕು ಅನ್ನಿಸುತ್ತದೆ. ಆದರೆ ಅದರಲ್ಲಿ ಆರ್ ಮತ್ತು ಎಲ್ ಸೇರಿದ ಜಾಗದಲ್ಲಿ ಇರುವುದು ನಮ್ಮ ಳಕಾರ. ಬಾಯಲ್ಲಿ ಅದು ವಳ್ಪಿರಿ. ಕೆಂಪು ಕಾಂಗರೂ ಅವರಿಗೆ 'ಮಳು', ಬೆಂಕಿ 'ವಳು'. ಟ, ಣ, ಳ ಎಲ್ಲ ಆ ಭಾಷೆಯಲ್ಲಿ ದಿನಬಳಕೆಯ ಸದ್ದುಗಳು. ಸಿಡ್ನಿಯಿಂದ ಬಂದ ಟೀಚರ್‌ಗಳು ಇವನ್ನು ಹೇಳಲು ತಿಂಗಳುಗಟ್ಟಲೆ ನಾಲಿಗೆ ಹೊರಳಿಸುತ್ತಾರೆ. ಇನ್ನು ಙ. ಒಂದನೇ ಕ್ಲಾಸಿನಲ್ಲಿ ಕ ಖ ಗ ಘ ಆದ ಮೇಲೆ ಬಾಯಿಪಾಠ ಮಾಡಿ, ಆಮೇಲೆ ಜೀವಮಾನದಲ್ಲಿ ಮುಟ್ಟದ ಅಕ್ಷರ ಅದು, ಅಲ್ವಾ? ವಳ್ಪಿರಿಯಲ್ಲಿ ನೀರು ಅಂದ್ರೆ 'ಙಪ'. ಮನೆ, ಬಿಡಾರ, ತನ್ನ ನೆಲ ಎಲ್ಲಕ್ಕೂ 'ಙುರ್ರ'. ನನ್ನ ನೋಟ್‌ಬುಕ್ಕಿನಲ್ಲಿ ನಾನು ವಳ್ಪಿರಿ ಪದಗಳನ್ನು ಕನ್ನಡ ಅಕ್ಷರದಲ್ಲೇ ಬರೆದುಕೊಳ್ಳುತ್ತಿದ್ದೆ. ಇಂಗ್ಲಿಷ್ ಅಕ್ಷರಕ್ಕಿಂತ ಚೆನ್ನಾಗಿ ಕೂರುತ್ತಿತ್ತು.

ಈಗ ಸ್ನೇಹಿತರು ಹೇಳಿದ್ದಕ್ಕೆ ಬರೋಣ. ಅವರ ಭಾಷೆಯಲ್ಲಿ ಕಲಿಸಿದರೆ ಇಂಗ್ಲಿಷ್ ಕೆಡುತ್ತದೆ ಅನ್ನುವುದು ತಪ್ಪು. ಓದು ಅನ್ನುವ ವಿದ್ಯೆಯನ್ನು ಮಗು ಒಂದೇ ಸಲ ಕಲಿಯುತ್ತದೆ. ಸದ್ದಿಗೂ ಗೆರೆಗೂ ಸಂಬಂಧ ಇದೆ, ಗೆರೆಗಳನ್ನು ಕೂಡಿಸಿದರೆ ತಾನು ಬಲ್ಲ ಮಾತು ಸಿಗುತ್ತದೆ ಅನ್ನುವುದು ಒಮ್ಮೆ ಹೊಳೆದರೆ ಸಾಕು, ಎರಡನೇ ಭಾಷೆಗೆ ಅದು ತಾನಾಗಿ ದಾಟುತ್ತದೆ. ಗೊತ್ತಿಲ್ಲದ ಭಾಷೆಯಲ್ಲಿ ಅಕ್ಷರ ಶುರು ಮಾಡಿದರೆ ಆ 'ಹೊಳೆಯುವುದು' ನಡೆಯುವುದೇ ಕಷ್ಟ. ಮಗು ಪುಟದ ತುಂಬ ಗಟ್ಟಿಯಾಗಿ ಓದುತ್ತದೆ, ಒಂದು ಪದದ ಅರ್ಥವೂ ಆಗಿರುವುದಿಲ್ಲ. ಆರು ವರ್ಷ ಪಾಠ ಮಾಡಿದವರು ನೀವು, ಅಂಥ ಮಕ್ಕಳನ್ನು ನೋಡಿರುತ್ತೀರಿ.

"ನಾನು ತುಳು ಮನೆಯಿಂದ ಬಂದು ಕನ್ನಡದಲ್ಲಿ ಓದಿದೆನಲ್ಲ, ಏನಾಯಿತು?" ಅಂತ ನೀವು ಕೇಳಬಹುದು. ನ್ಯಾಯವೇ. ಆದರೆ ಕನ್ನಡ ನಿಮಗೆ ಬಸ್ಸಿನಲ್ಲಿ, ಅಂಗಡಿಯಲ್ಲಿ, ಯಕ್ಷಗಾನದ ಆಟದಲ್ಲಿ ಶಾಲೆಗೆ ಹೋಗುವ ಮೊದಲೇ ಕಿವಿಗೆ ಬಿದ್ದಿತ್ತು. ಅದು ತುಳುವಿನ ನೆಂಟರ ಭಾಷೆ ಬೇರೆ. ಮರುಭೂಮಿಯ ಆ ಮಗುವಿಗೆ ಇಂಗ್ಲಿಷ್ ಸಿಗುವುದು ಶಾಲೆಯಲ್ಲಿ, ಕ್ಲಿನಿಕ್ಕಿನಲ್ಲಿ, ಅಂಗಡಿ ಕೌಂಟರಿನಲ್ಲಿ, ಟಿವಿಯಲ್ಲಿ. ಮನೆಯಲ್ಲಿ ಯಾರೂ ಅದನ್ನು ಆಡುವುದಿಲ್ಲ. ಜೊತೆಗೆ ಅವರ ಭಾಷೆಯಲ್ಲಿ ಪ ಮತ್ತು ಬ, ಕ ಮತ್ತು ಗ ಬೇರೆ ಬೇರೆ ಅಲ್ಲ. ಸ ಇಲ್ಲ, ಫ ಇಲ್ಲ, ಹ ಇಲ್ಲ. ಸ್ವರ ಅಂದ್ರೆ ಅ, ಇ, ಉ ಮೂರೇ, ಅವುಗಳ ದೀರ್ಘ ಸೇರಿಸಿ. 'ಕೋಟ್', 'ಗೋಟ್' ಎರಡೂ ಆ ಕಿವಿಗೆ ಒಂದೇ.

ಕಿವಿಯ ಮಾತು ಬಂತು, ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಹೊರಗಿನಿಂದ ಬರುವ ಟೀಚರ್‌ಗಳಿಗೆ ಯಾರೂ ಹೇಳದ ವಿಷಯ ಇದು. ಅಲ್ಲಿಯ ಮಕ್ಕಳಲ್ಲಿ ನಡುಕಿವಿಯ ಸೋಂಕು ತುಂಬಾ ಜಾಸ್ತಿ. ಇಕ್ಕಟ್ಟಾದ ಮನೆಗಳು, ಒಬ್ಬರಿಂದ ಒಬ್ಬರಿಗೆ ದಾಟುವ ನೆಗಡಿ, ದೂರದ ಆಸ್ಪತ್ರೆ. ಕೂಸಿನಲ್ಲೇ ಶುರುವಾಗಿ ಮತ್ತೆ ಮತ್ತೆ ಬರುತ್ತದೆ, ಕಿವಿ ಸೋರುತ್ತದೆ, ತಮಟೆ ತೂತಾಗುತ್ತದೆ. ಹಾಗಾಗಿ ನಿಮ್ಮ ಕ್ಲಾಸಿನಲ್ಲಿ ಅರ್ಧಂಬರ್ಧ ಕೇಳಿಸುವ ಮಕ್ಕಳು ಇದ್ದೇ ಇರುತ್ತಾರೆ. ಗೊತ್ತಿರುವ ಭಾಷೆಯಲ್ಲಾದರೆ ಕೇಳದ ಸದ್ದನ್ನು ಮಗು ಊಹಿಸಿ ತುಂಬಿಕೊಳ್ಳುತ್ತದೆ. ಗೊತ್ತಿಲ್ಲದ ಭಾಷೆಯಲ್ಲಿ ಏನಂತ ಊಹಿಸುತ್ತದೆ? "ಗಮನ ಕೊಡಲ್ಲ, ಹಟಮಾರಿ" ಅಂತ ರಿಪೋರ್ಟಿನಲ್ಲಿ ಬರೆಸಿಕೊಂಡ ಒಬ್ಬ ಹುಡುಗನನ್ನು ಕ್ಲಿನಿಕ್ಕಿಗೆ ಕರೆದುಕೊಂಡು ಹೋದಾಗ ಗೊತ್ತಾಯಿತು, ಎರಡೂ ಕಿವಿಯಲ್ಲಿ ತೂತು. ಕ್ಲಾಸಿನಲ್ಲಿ ಮೈಕು, ಸ್ಪೀಕರ್ ಇದೆಯಾ ಅಂತ ಹೋಗುವ ಮೊದಲೇ ಕೇಳಿ. ಬೋರ್ಡಿನ ಕಡೆ ಮುಖ ಮಾಡಿ ಮಾತಾಡುವ ಅಭ್ಯಾಸ ಇದ್ದರೆ ಇಲ್ಲೇ ಬಿಟ್ಟು ಹೋಗಿ.

ಮಕ್ಕಳು ಶಾಲೆಗೆ ಬರಲ್ಲ ಅನ್ನುವುದು ಅರ್ಧ ನಿಜ. ಹಾಜರಿ ಕಡಿಮೆ ಇದೆ, ಅದನ್ನು ಮುಚ್ಚಿಡುವುದು ಬೇಡ. ಯಾರಾದರೂ ತೀರಿಕೊಂಡರೆ ಊರಿಗೆ ಊರೇ ಸೂತಕಕ್ಕೆ ಕೂರುತ್ತದೆ. ಅದಕ್ಕೆ ಅವರು 'ಸಾರಿ ಬಿಸಿನೆಸ್' ಅನ್ನುತ್ತಾರೆ. ನೆಂಟರು ನೂರಾರು ಕಿಲೋಮೀಟರ್ ದೂರದಿಂದ ಬರುತ್ತಾರೆ, ಹೋಗುತ್ತಾರೆ, ಮಕ್ಕಳೂ ಜೊತೆಗೆ. ಸಾವುಗಳು ಜಾಸ್ತಿ, ಅದರಲ್ಲೂ ಅಕಾಲದ ಸಾವುಗಳು. ಬೇಸಿಗೆಯಲ್ಲಿ ಗಂಡುಮಕ್ಕಳ ದೀಕ್ಷೆಯ ಆಚರಣೆಗಳು ಬರುತ್ತವೆ. ಫುಟ್‌ಬಾಲ್ ಪಂದ್ಯಗಳೂ ಇವೆ ಅನ್ನಿ. ಆದರೆ ಶಾಲೆ ತಮ್ಮದಲ್ಲ ಅನ್ನಿಸಿದಾಗ ಹಾಜರಿ ಇನ್ನಷ್ಟು ಬೀಳುತ್ತದೆ. ಇದು ಕಣ್ಣೆದುರೇ ನಡೆದ ಕತೆ. ನಾರ್ದರ್ನ್ ಟೆರಿಟರಿಯಲ್ಲಿ ದ್ವಿಭಾಷಾ ಶಾಲೆಗಳು 1973ರಲ್ಲಿ ಶುರುವಾದವು. ಒಂದು ಕಾಲಕ್ಕೆ ಇಪ್ಪತ್ತಕ್ಕೂ ಹೆಚ್ಚಿದ್ದವು. 1998ರಲ್ಲಿ ಸರ್ಕಾರ ಅವನ್ನು ನಿಲ್ಲಿಸುವ ಮಾತಾಡಿತು. 2008ರಲ್ಲಿ ದೇಶಕ್ಕೆಲ್ಲ ಒಂದೇ ಪರೀಕ್ಷೆ ಬಂತು, ದೂರದ ಊರುಗಳ ಅಂಕ ನೋಡಿ ಗಾಬರಿಯಾಯಿತು. ಅದೇ ವರ್ಷ ಹೊಸ ಆಜ್ಞೆ: ಎಲ್ಲ ಶಾಲೆಗಳಲ್ಲೂ ದಿನದ ಮೊದಲ ನಾಲ್ಕು ಗಂಟೆ ಇಂಗ್ಲಿಷ್ ಮಾತ್ರ. ವಳ್ಪಿರಿ ಊರಾದ ಲಜಮಾನುವಿನಲ್ಲಿ ಆಮೇಲೆ ಹಾಜರಿ ಏರಲಿಲ್ಲ, ಕುಸಿಯಿತು. ಕೆಲವು ವರ್ಷಗಳ ನಂತರ ಆಜ್ಞೆ ಸಡಿಲವಾಯಿತು. ಅಷ್ಟರಲ್ಲಿ ಎಷ್ಟೋ ಊರಿನ ಶಿಕ್ಷಕಿಯರು ಮನೆ ಸೇರಿದ್ದರು. ನಮ್ಮ ಕಡೆ ಮೀಡಿಯಂ ಜಗಳ ಸುಪ್ರೀಂ ಕೋರ್ಟ್ ತನಕ ಹೋಗಿ, 2014ರಲ್ಲಿ ಆಯ್ಕೆ ತಂದೆತಾಯಿಗೆ ಬಿಟ್ಟದ್ದು ಅಂತ ತೀರ್ಪಾಯಿತಲ್ಲ, ಅಲ್ಲಿ ತಂದೆತಾಯಿಯನ್ನು ಕೇಳಿದವರೇ ಇರಲಿಲ್ಲ.

ಹಾಗಾದರೆ ಅವರಿಗೆ ಏನು ಬೇಕು? ಇಂಗ್ಲಿಷ್ ಬೇಡ ಅನ್ನುವ ಒಬ್ಬ ತಾಯಿಯನ್ನೂ ನಾನು ಅಲ್ಲಿ ಕಂಡಿಲ್ಲ. ಎರಡೂ ಬೇಕು, ಎರಡೂ ಗಟ್ಟಿಯಾಗಿ ಬೇಕು. ಟೂ-ವೇ ಅಂದ್ರೆ ಎರಡು ಭಾಷೆಯಲ್ಲಿ ಪಾಠ ಅಂತ ಹೊರಗಿನವರು ತಿಳಿಯುತ್ತಾರೆ. ಆನೆಯ ಬಾಲ ಮುಟ್ಟಿ ಹಗ್ಗ ಅಂದ ಹಾಗೆ. ಟೆರಿಟರಿಯ ಉತ್ತರ ಕರಾವಳಿಯ ಆರ್ನೆಮ್ ಲ್ಯಾಂಡಿನಲ್ಲಿರುವ ಯಿರ್ಕಾಲ ಶಾಲೆಯ ಯೋಲ್ಙು ಜನ ಇದಕ್ಕೆ 'ಗನ್ಮ' ಅಂತ ಒಂದು ಹೋಲಿಕೆ ಕೊಟ್ಟರು. ತೊರೆಯ ಸಿಹಿನೀರು ಕಾಂಡ್ಲಾ ಗಿಡಗಳ ನಡುವೆ ಸಮುದ್ರದ ಉಪ್ಪುನೀರನ್ನು ಸೇರುವ ಜಾಗ, ಅಲ್ಲಿ ಏಳುವ ನೊರೆ. ಕರಾವಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾ? ಅಳಿವೆ. ಎರಡೂ ನೀರು ತಳ್ಳುತ್ತದೆ, ಯಾವುದೂ ಇನ್ನೊಂದನ್ನು ನುಂಗುವುದಿಲ್ಲ. ಆ ಶಾಲೆಗೆ 1990ರಲ್ಲಿ ಡಾ. ಎಂ. ಯುನುಪಿಂಗು ಪ್ರಿನ್ಸಿಪಾಲರಾದರು, ಆಸ್ಟ್ರೇಲಿಯಾದಲ್ಲಿ ಆ ಹುದ್ದೆಗೆ ಏರಿದ ಮೊದಲ ಅಬೊರಿಜಿನಲ್ ವ್ಯಕ್ತಿ ಅಂತ ಅವರನ್ನು ಹೇಳುತ್ತಾರೆ. ಯೋತು ಯಿಂಡಿ ಬ್ಯಾಂಡಿನ ಗಾಯಕರೂ ಅವರೇ ಆಗಿದ್ದರು. ಅಲ್ಲಿ ಗಣಿತವೂ ಎರಡು ಕಡೆಯಿಂದ ಹರಿಯುತ್ತದೆ: ಒಂದು ಕಡೆ ಸಂಖ್ಯೆ, ಇನ್ನೊಂದು ಕಡೆ 'ಗುರ್ರುಟು', ಅಂದ್ರೆ ನೆಂಟಸ್ತಿಕೆಯ ಲೆಕ್ಕ. ಪ್ರತಿ ಮನುಷ್ಯ, ಪ್ರತಿ ಜಾಗ ಇನ್ನೊಂದಕ್ಕೆ ಏನಾಗಬೇಕು ಅನ್ನುವ ಆ ಲೆಕ್ಕವನ್ನು ಮಕ್ಕಳು ಮನಸ್ಸಿನಲ್ಲೇ ಹಾಕುತ್ತಾರೆ. ನನಗೆ ಪೇಪರ್ ಪೆನ್ಸಿಲ್ ಬೇಕಾಗುತ್ತಿತ್ತು.

ಹಿರಿಯರ ಕೈಗೆ ಶಾಲೆ ಕೊಟ್ಟರೆ ಹೇಳುವವರು ಕೇಳುವವರು ಇರಲ್ಲ ಅನ್ನುವ ಮಾತು ನನಗೆ ಸ್ವಲ್ಪ ಸಿಟ್ಟು ತರಿಸುತ್ತದೆ. ಆಲಿಸ್ ಸ್ಪ್ರಿಂಗ್ಸ್‌ನ ಯಿಪಿರಿನ್ಯ ಶಾಲೆ ನೋಡಿ. ಪಟ್ಟಣದ ಅಂಚಿನ ಬಿಡಾರಗಳಲ್ಲಿದ್ದ ಹಿರಿಯರು 1978ರಲ್ಲಿ ಶುರು ಮಾಡಿದ್ದು. ಯಿಪಿರಿನ್ಯ ಅಂದ್ರೆ ಆ ನೆಲವನ್ನು ರೂಪಿಸಿದ ಕಂಬಳಿಹುಳುವಿನ ಹೆಸರು. ಸರ್ಕಾರ ನೋಂದಣಿ ಕೊಡಲಿಲ್ಲ. ಹೋರಾಡಿ 1983ರಲ್ಲಿ ಪಡೆದರು. ಅರಂಡ, ಲುರಿಚ, ವಳ್ಪಿರಿ ಹೀಗೆ ಒಂದಕ್ಕಿಂತ ಹೆಚ್ಚು ಭಾಷೆಯ ಮಕ್ಕಳು ಒಂದೇ ಕಾಂಪೌಂಡಿನಲ್ಲಿ, ಒಬ್ಬೊಬ್ಬರಿಗೂ ಅವರವರ ಮಾತಿನ ಪಾಠ. ಅದಕ್ಕೂ ಮೊದಲು 1976ರಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ಸ್ಟ್ರೆಲಿಯಲ್ಲಿ ತಮ್ಮದೇ ಶಾಲೆ ತೆರೆದವರು, 1946ರಲ್ಲಿ ಕೂಲಿಗಾಗಿ ಮುಷ್ಕರ ಹೂಡಿ ಕುರಿ-ದನದ ಫಾರ್ಮುಗಳಿಂದ ಹೊರನಡೆದ ಜನ. ಇಂಥ ಶಾಲೆಗಳಿಗೂ ರಿಜಿಸ್ಟ್ರೇಶನ್ ಬೇಕು, ಆಡಿಟ್ ಇದೆ, ಆಸ್ಟ್ರೇಲಿಯಾದ ಪಠ್ಯಕ್ರಮ ಇದೆ. ಹಿರಿಯರು ತೀರ್ಮಾನಿಸುವುದು ಬೇರೆ ವಿಷಯಗಳನ್ನು: ಯಾವ ಕತೆಯನ್ನು ಯಾರು ಹೇಳಬಹುದು, ಯಾವ ಮಗು ಕೇಳಬಹುದು, ಯಾವ ತಿಂಗಳು ಕಾಡಿಗೆ ಹೋಗಬೇಕು, ಪ್ರಿನ್ಸಿಪಾಲರು ಯಾರು. ವಳ್ಪಿರಿ ಶಿಕ್ಷಕಿಯರ ಒತ್ತಾಯದಿಂದಲೇ ತನಾಮಿ ಮರುಭೂಮಿಯ ಚಿನ್ನದ ಗಣಿಯ ರಾಯಧನದ ಒಂದು ಪಾಲು 2005ರಿಂದ ಶಿಕ್ಷಣದ ಟ್ರಸ್ಟಿಗೆ ಹೋಗುತ್ತಿದೆ. ಹಿರಿಯರನ್ನು ದೂರದ ನೆಲಕ್ಕೆ ಕರೆದೊಯ್ದು ಮಕ್ಕಳ ಜೊತೆ ವಾರಗಟ್ಟಲೆ ಇರಿಸುವ ಖರ್ಚು ಅಂಥ ದುಡ್ಡಿನಿಂದ ಬರುತ್ತದೆ.

ಅಂಥ ಒಂದು ದಿನ ನೋಡಿದ್ದನ್ನು ಹೇಳುತ್ತೇನೆ. ಮುಲ್ಗ ಮರದ ನೆರಳು. ಒಬ್ಬ ಅಜ್ಜಿ ಕಾಲು ಚಾಚಿ ಕೂತು, ಅಂಗೈಯಲ್ಲಿ ಕೆಂಪು ಮರಳನ್ನು ಸವರಿ ಸಮ ಮಾಡಿದರು. ಬೆರಳಿನಿಂದ ಒಂದು ಲಾಳದ ಗುರುತು: ಕೂತ ಹೆಂಗಸು. ಪಕ್ಕದಲ್ಲಿ ಚಿಕ್ಕ ಲಾಳ: ಮಗು. ಹಿಂದೆ ಒಂದು ಬಾಗಿದ ಗೆರೆ: ಗಾಳಿಗೆ ಅಡ್ಡ ಕಟ್ಟಿದ ಸೊಪ್ಪು. ಮಾತು, ಅರ್ಧ ಹಾಡು, ಬೆರಳು ಒಟ್ಟೊಟ್ಟಿಗೆ ಓಡುತ್ತಿದ್ದವು. ದೃಶ್ಯ ಮುಗಿದಾಗ ಅಂಗೈ ಮತ್ತೆ ಮರಳಿನ ಮೇಲೆ, ಎಲ್ಲ ಅಳಿಸಿತು, ಹೊಸ ದೃಶ್ಯ. ಕ್ಲಾಸಿನಲ್ಲಿ ಐದು ನಿಮಿಷ ಕೂರದ ಹುಡುಗಿಯರು ಮುಕ್ಕಾಲು ಗಂಟೆ ಅಲ್ಲಾಡಲಿಲ್ಲ. ಮಾರನೇ ದಿನ ಅದೇ ಕತೆಯನ್ನು ಊರಿನ ಶಿಕ್ಷಕಿ ಬೋರ್ಡಿನ ಮೇಲೆ ವಳ್ಪಿರಿಯಲ್ಲಿ ಬರೆಸಿದರು. ಅದರ ಮಾರನೇ ದಿನ ನಾನು ಇಂಗ್ಲಿಷಿನಲ್ಲಿ 'ಮೊದಲು, ಆಮೇಲೆ, ಕೊನೆಗೆ' ಕಲಿಸಿದೆ. ಕತೆ ಗೊತ್ತಿತ್ತು, ಹಾಗಾಗಿ ಮಕ್ಕಳಿಗೆ ಭಾರ ಇದ್ದದ್ದು ಇಂಗ್ಲಿಷ್ ಒಂದೇ. ನಿಮ್ಮ ಕೆಲಸ ಏನು ಅಂದರೆ ಇದೇ: ಮೂರನೇ ದಿನದ ಕೆಲಸ.

ಅಲ್ಲಿ ಜಾರುವ ಜಾಗಗಳೂ ಇವೆ. ಮೊದಲ ವರ್ಷ ಉತ್ಸಾಹದಲ್ಲಿ ಮಕ್ಕಳಿಗೆ ಬಣ್ಣ ಕೊಟ್ಟು ಚುಕ್ಕಿ ಚಿತ್ರ ಬರೆಸಿ ಗೋಡೆಗೆ ಅಂಟಿಸಿದೆ. ಒಬ್ಬ ಅಜ್ಜಿ ಬಂದರು, ನೋಡಿದರು, ಒಂದು ಹಾಳೆಯನ್ನು ಮೆಲ್ಲಗೆ ಕಿತ್ತು ಮಡಚಿ ಚೀಲಕ್ಕೆ ಹಾಕಿಕೊಂಡು ಹೋದರು. ಒಂದು ಮಾತಿಲ್ಲ. ವಾರದ ಮೇಲೆ ಜೊತೆಯ ಶಿಕ್ಷಕಿ ಹೇಳಿದರು: ಆ ವಿನ್ಯಾಸ ಇನ್ನೊಂದು ಮನೆತನದ್ದು, ಆ ಹುಡುಗ ಅದನ್ನು ಬರೆಯುವ ಹಾಗಿಲ್ಲ. ತಪ್ಪು ಹುಡುಗನದಲ್ಲ, ನನ್ನದು. ಅಲ್ಲಿ ತಿಳಿವಳಿಕೆಗೆ ವಾರಸುದಾರರು ಇದ್ದಾರೆ. ಕೇಳದೆ ಕತೆ ಬರೆದುಕೊಳ್ಳುವುದು, ಫೋಟೋ ಹಾಕುವುದು ಬೇಡ. ತೀರಿಕೊಂಡವರ ಹೆಸರು ಎತ್ತಬಾರದು. ಅದೇ ಹೆಸರಿನ ಮಗು ನಿಮ್ಮ ಕ್ಲಾಸಿನಲ್ಲಿದ್ದರೆ ಅದಕ್ಕೂ ಸ್ವಲ್ಪ ಕಾಲ ಬೇರೆ ಹೆಸರು. ಕೆಲವು ನೆಂಟಸ್ತಿಕೆಯವರು ಒಬ್ಬರಿಗೊಬ್ಬರು ಎದುರು ಕೂರುವಂತಿಲ್ಲ, ಅತ್ತೆ ಅಳಿಯ ಮಾತಾಡುವಂತಿಲ್ಲ. ಹಾಗಾಗಿ ಯಾರನ್ನು ಯಾರ ಪಕ್ಕ ಕೂರಿಸಬೇಕು ಅನ್ನುವುದನ್ನು ಊರಿನ ಶಿಕ್ಷಕಿಗೇ ಬಿಡಿ.

ಸಮುದಾಯದ ಆಡಳಿತಕ್ಕೂ ತೊಂದರೆಗಳಿವೆ. ಎರಡು ಮನೆತನ ಮುನಿಸಿಕೊಂಡರೆ ಕಮಿಟಿ ಮೀಟಿಂಗೇ ನಡೆಯುವುದಿಲ್ಲ. ಭಾಷೆ ಗಟ್ಟಿಯಾಗಿ ಬಲ್ಲ ನಾಲ್ಕೈದು ಹೆಂಗಸರ ಮೇಲೆ ಇಡೀ ಶಾಲೆ ನಿಂತಿರುತ್ತದೆ. ಅವರಲ್ಲಿ ಒಬ್ಬರಿಗೆ ಡಯಾಲಿಸಿಸ್ ಶುರುವಾಗಿ ಆಲಿಸ್ ಸ್ಪ್ರಿಂಗ್ಸ್‌ಗೆ ಹೋದರೆ ಒಂದು ತರಗತಿಯೇ ಬರಿದು. ಹೊರಗಿನ ಟೀಚರ್‌ಗಳು ಒಂದು ವರ್ಷ ತುಂಬುವ ಮೊದಲೇ ಓಡುತ್ತಾರೆ. ಹೊಸಬರು ಬಂದಾಗಲೆಲ್ಲ ಊರಿನ ಶಿಕ್ಷಕಿ ಮೊದಲಿಂದ ಕಲಿಸಬೇಕು, ಆಮೇಲೆ ಅವರಿಗೇ 'ಅಸಿಸ್ಟೆಂಟ್' ಅಂತ ಪದವಿ, ಕಡಿಮೆ ಸಂಬಳ. ಹೆಸರಿಗೆ ಟೂ-ವೇ, ಒಳಗೆ ಹಳೇ ಕತೆ ಅನ್ನುವ ಶಾಲೆಗಳೂ ಇವೆ.

ಅದಕ್ಕೇ ಸಹಿ ಹಾಕುವ ಮೊದಲು ಫೋನ್ ಮಾಡಿ ವಿಚಾರಿಸಿ. ಕ್ಲಾಸಿನ ಪ್ಲ್ಯಾನ್ ಯಾರು ಮಾಡುತ್ತಾರೆ? ಇಬ್ಬರೂ ಕೂತು ತಯಾರಿ ಮಾಡಲು ಸಂಬಳದ ಸಮಯ ಇದೆಯಾ, ಅಥವಾ ಊರಿನ ಶಿಕ್ಷಕಿ ಮಕ್ಕಳ ಜೊತೆ ಬೆಳಗ್ಗೆ ಬಂದು ಮಧ್ಯಾಹ್ನ ಹೋಗುವುದಷ್ಟೇನಾ? ವಳ್ಪಿರಿಯಲ್ಲಿ ಅಚ್ಚಾದ ಪುಸ್ತಕಗಳು ಮಕ್ಕಳ ಕೈಗೆ ಸಿಗುವ ಹಾಗಿವೆಯಾ, ಬೀರುವಿನಲ್ಲಿ ಬೀಗ ಹಾಕಿವೆಯಾ? ಕಮಿಟಿ ಒಂದು ಹೇಳಿ ಪ್ರಿನ್ಸಿಪಾಲ್ ಇನ್ನೊಂದು ಹೇಳಿದಾಗ ಕೊನೆಗೆ ನಡೆದದ್ದು ಯಾರ ಮಾತು, ಇತ್ತೀಚಿನ ಒಂದು ಉದಾಹರಣೆ ಕೊಡಿ ಅನ್ನಿ. ಈ ಕೊನೆಯ ಪ್ರಶ್ನೆಗೆ ಉತ್ತರವೇ ಬರದಿದ್ದರೆ ನಾನಾದರೆ ಹೋಗುವುದಿಲ್ಲ. ಮನೆ, ಎಸಿ, ಹತ್ತಿರದ ಕ್ಲಿನಿಕ್ಕಿನಲ್ಲಿ ನರ್ಸ್ ಇರುವ ದಿನಗಳು ಇವನ್ನೂ ಕೇಳಿ, ನಾಚಿಕೆ ಬೇಡ. ಮಕ್ಕಳ ಜೊತೆ ಕೆಲಸ ಮಾಡಲು ಆ ಟೆರಿಟರಿಯ ಓಕರ್ ಕಾರ್ಡ್ ಬೇಕು, ಈಗಲೇ ಅರ್ಜಿ ಹಾಕಿ.

ಎರಡು ವರ್ಷಕ್ಕೆ ಒಮ್ಮೆಲೇ ಒಪ್ಪಲು ಭಯವಾದರೆ ಒಂದು ಟರ್ಮ್ ಮಾತ್ರ ಬರುತ್ತೇನೆ ಅಂತ ಕೇಳಬಹುದು. ನಿಮಗೆ ಒಳ್ಳೆಯದು, ಮಕ್ಕಳಿಗೆ ಅಷ್ಟು ಒಳ್ಳೆಯದಲ್ಲ. ಹತ್ತು ವಾರಕ್ಕೆ ಬಂದು ಹೋಗುವವರನ್ನು ಅವರು ಲೆಕ್ಕವಿಲ್ಲದಷ್ಟು ನೋಡಿದ್ದಾರೆ, ನಿಮ್ಮ ಹೆಸರು ಕಲಿಯುವ ಗೋಜಿಗೂ ಹೋಗುವುದಿಲ್ಲ. ಪಟ್ಟಣದಲ್ಲೇ ಇದ್ದುಕೊಂಡು ಇಂಥ ಶಾಲೆಯಲ್ಲಿ ಕೆಲಸ ಹುಡುಕುವುದು ಇನ್ನೊಂದು ದಾರಿ. ಗಂಡನಿಗೂ ಕೆಲಸ ಬೇಕಾದರೆ ಅದು ವಾಸಿ. ನನ್ನ ಅಭಿಪ್ರಾಯ ಕೇಳಿದರೆ, ಮೇಲಿನ ಪ್ರಶ್ನೆಗಳಿಗೆ ಸರಿಯಾದ ಉತ್ತರ ಸಿಕ್ಕರೆ ಹೋಗಿ, ಎರಡು ವರ್ಷ ಪೂರ್ತಿ ಇರಿ. ಮೊದಲ ಆರು ತಿಂಗಳು ಹೆಚ್ಚು ಮಾತಾಡಬೇಡಿ.

ಮಗನ ಬಗ್ಗೆ. ಇಂಗ್ಲಿಷ್ ಅವನಿಗೆ ಕಿಂಡರ್‌ಗಾರ್ಟನ್ನಿನಲ್ಲೇ ಬಂದಿರುತ್ತದೆ, ಅದು ಎಲ್ಲೂ ಓಡಿಹೋಗಲ್ಲ. ಓದು ಬರಹವನ್ನು ಸಂಜೆ ಅರ್ಧ ಗಂಟೆ ಮನೆಯಲ್ಲಿ ನೋಡಿಕೊಳ್ಳಿ, ಕ್ಲಾಸಿನ ಇಂಗ್ಲಿಷ್ ಅವನಿಗೆ ಸಲೀಸಾಗಿ ಕಾಣುತ್ತದೆ, ಅದು ನಿಜ. ಹೈಸ್ಕೂಲಿನ ವಯಸ್ಸಾದರೆ ನಾನೇ ಬೇಡ ಅನ್ನುತ್ತಿದ್ದೆ. ಐದು ವರ್ಷಕ್ಕೆ ಚಿಂತೆಯಿಲ್ಲ. ಆಟದ ಮೈದಾನದಲ್ಲಿ ಆರು ತಿಂಗಳಿಗೆ ಅವನು ನಿಮಗಿಂತ ಚೆನ್ನಾಗಿ ವಳ್ಪಿರಿ ಮಾತಾಡುತ್ತಾನೆ. ನನ್ನ ಚಿಂತೆ ಇರುವುದು ಅವನ ತುಳುವಿನ ಬಗ್ಗೆ. ಮನೆಯಲ್ಲಿ ಅದನ್ನು ಆಡುತ್ತಿದ್ದೀರಾ? ಪತ್ರದಲ್ಲಿ ಬರೆದಿಲ್ಲ.

ಯಾಕೆ ಕೇಳಿದೆ ಅಂದರೆ, ಆ ಅಜ್ಜಿ ಸುಮ್ನೆ ಕುಶಲ ವಿಚಾರಿಸಿದ್ದಲ್ಲ. ಇಂಟರ್‌ವ್ಯೂನಲ್ಲಿ ಅಸಲಿ ಪ್ರಶ್ನೆ ಅದೇ. ಅಲ್ಲಿ ನೆಲ, ಮಾತು, ನೆಂಟಸ್ತಿಕೆ ಇಲ್ಲದ ಮನುಷ್ಯರನ್ನು ಎಲ್ಲಿ ಕೂರಿಸಬೇಕು ಅಂತಲೇ ಗೊತ್ತಾಗುವುದಿಲ್ಲ. ಸ್ವಲ್ಪ ದಿನ ಇದ್ದ ಮೇಲೆ ಯಾರಾದರೂ ನಿಮಗೆ ಒಂದು 'ಸ್ಕಿನ್' ಹೆಸರು, ಅಂದ್ರೆ ನೆಂಟಸ್ತಿಕೆಯ ಗುಂಪಿನ ಹೆಸರು, ಕೊಟ್ಟಾರು. ವಳ್ಪಿರಿಯಲ್ಲಿ ಅವು ಎಂಟು, ಗಂಡಿಗೆ ಬೇರೆ ರೂಪ, ಹೆಣ್ಣಿಗೆ ಬೇರೆ. ನೀವು ನಕಮರ್ರ ಆದರೆ ಗಂಡ ಜಪಲ್ಜರ್ರಿ, ಮಗ ಜುಙರ್ರಾಯಿ. ಅಲ್ಲಿಗೆ ಇಡೀ ಊರು ನಿಮಗೆ ಏನಾಗಬೇಕು ಅನ್ನುವುದು ತೀರ್ಮಾನ. ನಿಮ್ಮ ಕಡೆಯ 'ಬಳಿ'ಯ, ಅಂದ್ರೆ ತಾಯಿಯ ಕಡೆಯಿಂದ ಬರುವ ಕುಲದ, ಲೆಕ್ಕ ಗೊತ್ತಿದ್ದವರಿಗೆ ಇದು ಹೊಸದೇನಲ್ಲ.

ಹಾಗಾಗಿ ಇನ್ನೊಮ್ಮೆ ಫೋನ್ ಮಾಡಿದಾಗ ಆ ಅಜ್ಜಿಯನ್ನು ಕೊಡಿ ಅಂತ ಕೇಳಿ. ನಿಮ್ಮ ಅಜ್ಜಿ ಯಾವ ಗುತ್ತಿನ ಮನೆಯ ಪಕ್ಕದವರು, ಯಾವ ಹೊಳೆಯ ದಡದಲ್ಲಿ ಗದ್ದೆ ಇತ್ತು, ಮಳೆಗೆ ತುಳುವಿನಲ್ಲಿ 'ಬರ್ಸ' ಅನ್ನುತ್ತಿದ್ದರು, ನೀರಿಗೆ 'ನೀರ್' ಅನ್ನುತ್ತಿದ್ದರು ಅಂತ ಹೇಳಿ. ಅವರು ಖಂಡಿತ ತಮ್ಮ ಪದವನ್ನು ಹೇಳುತ್ತಾರೆ: ಙಪ. ನೀವೂ ಹೇಳಿ ನೋಡಿ, ಮೂಗಿನಲ್ಲಿ ಶುರು ಮಾಡಬೇಕು.